ಹೆಣ್ಣುಕರು ಹಿಡಿದ ದಾರಿ

ನಮ್ಮ ಮಾಗಡಿ ಸೀಮೆಯಲ್ಲಿ ಹಸು ಗಂಡುಕರು ಹಾಕಿದರೆ ಮನೆಮಂದಿಯೆಲ್ಲ ಹಿಗ್ಗುತ್ತಾರೆ. ಹಳ್ಳಿಕಾರ್ ತಳಿಯ ಹೋರಿ ಎಂದರೆ ಅಷ್ಟು ಹುಚ್ಚು. ನಮ್ಮಪ್ಪನಂತೂ ಕರುವಿನ ಕಾಲು, ಕಿವಿ, ಬಾಲ ಎಲ್ಲ ಸವರಿ ನೋಡಿ, ಅದರಪ್ಪ ಯಾವ ಹೋರಿ, ತಾತ ಯಾವ ಹೋರಿ ಎಂದು ನಮ್ಮೂರು ಕಲ್ಯದ ಅರಳಿಕಟ್ಟೆಯಲ್ಲಿ ಕೂತು ಕೊಚ್ಚಿಕೊಳ್ಳುವವರು. ಹೋದ ವರ್ಷ ನಮ್ಮ ಮುದಿ ಹಸು ಮತ್ತೆ ಗಂಡುಕರುವನ್ನೇ ಹಾಕಿದಾಗ ಮಾತ್ರ ಅವ್ವ ಕೊಟ್ಟಿಗೆಯ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು.

"ಹೋರಿಗರ ಹಾಕೈತೆ ಅಂದ್ರೆ ಅಳ್ತಾ ಕೂತವ್ಳೆ, ನೋಡ್ರಪ್ಪ!" ಎಂದು ಅಪ್ಪ ರೇಗಿಸಿದರು.

"ನಿಮ್ಗೇನ್ ಗೊತ್ತು, ಸುಮ್ಕಿರಿ. ಇನ್ನಿದು ಗಬ್ಬ ನಿಲ್ಲಾಕಿಲ್ಲ. ಒಂದಾದ್ರೂ ಹೆಣ್ಣು ಹಾಕ್ಲಿಲ್ವಲ್ಲ. ನಮ್ಮವ್ವ ಕೊಟ್ಟ ದನ ಇಲ್ಲಿಗೇ ಮುಗೀತು," ಎಂದಳು ಅವ್ವ.

ಅವಳ ತವರಿನ ಪದ್ಧತಿ ಹೀಗೆ: ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮನೆಯ ಹಸುವಿನದೇ ಒಂದು ಹೆಣ್ಣುಕರುವಿನ ಹಗ್ಗವನ್ನು ತಾಯಿ ಅವಳ ಕೈಗೆ ಕೊಡಬೇಕು. ಆ ದನವನ್ನು ಮಾರುವಂತಿಲ್ಲ. ಅಕ್ಕತಂಗಿಯರಾದರೂ ಕೇಳಿ ತಗೊಳ್ಳುವಂತಿಲ್ಲ. ತಾಯಿಯಿಂದ ಮಗಳಿಗೆ, ಅಷ್ಟೇ. ಅಜ್ಜಿಯ ಹಸುವಿನ ಸಂತತಿ ಹಾಗಾಗಿ ಎರಡು ದಾರಿ ಹಿಡಿದಿತ್ತು. ಒಂದು ಅವ್ವನ ಜೊತೆ ಕಲ್ಯಕ್ಕೆ ಬಂತು, ಇನ್ನೊಂದು ದೊಡ್ಡಮ್ಮನ ಜೊತೆ ಚನ್ನಪಟ್ಟಣದ ಕಡೆಗೆ ಹೋಯಿತು. ನನ್ನ ಮದುವೆಯಲ್ಲಿ ಕೊಡಲು ಮನೆಯಲ್ಲಿ ಹೆಣ್ಣುಕರುವೇ ಇರಲಿಲ್ಲ.

ನಾನು ದನಕರುಗಳ ಡಿಎನ್‌ಎ ನೋಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟಾಣಿ ಒಲೆಗಳಿವೆ. ಅವಕ್ಕೆ ಅವುಗಳದ್ದೇ ಡಿಎನ್‌ಎ ಇರುತ್ತದೆ, ಅದು ಬರುವುದು ತಾಯಿಯಿಂದ. ಮಗನಿಗೂ ಸಿಗುತ್ತದೆ, ಆದರೆ ಅವನು ಅದನ್ನು ಮುಂದಕ್ಕೆ ದಾಟಿಸಲಾರ. ದನಕ್ಕೂ ಹಾಗೇ, ನಮಗೂ ಹಾಗೇ. ದನಗಳು ಕಮ್ಮಿಯಾದಾಗ ತಾಯಿಯಿಂದ ಮಗಳಿಗೆ ಸಾಗುವ ಇಂಥ ತಾಯಿಯೆಳೆಗಳು ಯಾರ ತಪ್ಪೂ ಇಲ್ಲದೆ ಅಳಿಸಿಹೋಗುತ್ತವೆ. ರೋಗ ಬರಬೇಕಾಗಿಲ್ಲ, ಹಾಲು ಬತ್ತಬೇಕಾಗಿಲ್ಲ, ಬರೀ ಗಂಡೇ ಹುಟ್ಟಿದರೆ ಸಾಕು. ಹೀಗೆ ಆಕಸ್ಮಿಕವಾಗಿ ಎಳೆಗಳು ಉಳಿಯುವುದಕ್ಕೆ, ಅಳಿಯುವುದಕ್ಕೆ ಜೆನೆಟಿಕ್ ಡ್ರಿಫ್ಟ್ ಅಂತ ಹೆಸರು.

"ಹೆಸ್ರು ಕಟ್ಕೊಂಡ್ ಏನ್ ಮಾಡ್ತೀಯ? ನಿಂಗೂ ಎರಡೂ ಗಂಡೇ," ಎಂದು ಅವ್ವ ನನ್ನನ್ನೂ ಹಸುವಿನ ಸಾಲಿಗೆ ನಿಲ್ಲಿಸಿದಳು. ಸಿಟ್ಟೂ ಬಂತು, ನಗುವೂ ಬಂತು. ಅವಳು ಹೇಳಿದ್ದು ಸುಳ್ಳೇನಲ್ಲವಲ್ಲ!

ದೊಡ್ಡಮ್ಮ ಈಗಿಲ್ಲ. ಅವರ ಕೊಟ್ಟಿಗೆಯಿಂದ ಒಂದು ಹೆಣ್ಣುಕರು ಅವರ ಒಬ್ಬಳೇ ಮಗಳ ಜೊತೆ ಕನಕಪುರದ ಹತ್ತಿರದ ಹಳ್ಳಿಗೆ ಹೋಗಿತ್ತು. ಆ ಅಕ್ಕ ಹಾರೋಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸಕ್ಕೆ ಹೋಗುತ್ತಾಳೆ, ದಿನಾ ಬೆಳಿಗ್ಗೆ ಕೊಟ್ಟಿಗೆ ಬಳಿದು, ಮೇವು ಹಾಕಿ, ಆಮೇಲೆ ಬಸ್ಸಿಗೆ ಓಡುವವಳು. "ಒಸಿ ನೋಡ್ಕೊಂಡಾದ್ರೂ ಬರೋಣ ನಡಿಯವ್ವ. ಎಲ್ಲೋ ಒಂದ್ಕಡೆ ಬದ್ಕೈತೆ ಅಂತ ಗೊತ್ತಾದ್ರೆ ಸಾಕು," ಎಂದು ಅವ್ವ ಹಟ ಹಿಡಿದಳು. ಕರೆದುಕೊಂಡು ಹೋದೆ.

ಅಕ್ಕನ ಕೊಟ್ಟಿಗೆಯಲ್ಲಿ ಹಸುವೂ ಇತ್ತು, ಅದರ ಹೆಣ್ಣುಕರುವೂ ಇತ್ತು. ಹಳ್ಳಿಕಾರ್ ದನದ ಮೈ ಬೂದುಬಣ್ಣ ಇರಬೇಕು, ಕೊಂಬು ಹಿಂದಕ್ಕೆ ಬಾಗಿ ಚೂಪಾಗಿ ಏಳಬೇಕು. ಈ ಹಸುವಿನದು ಮೋಟು ಕೊಂಬು, ಮೈ ಕಂದು. ಅವ್ವ ಸುತ್ತ ಒಂದು ಸಲ ನೋಡಿ, "ಇದು ನಮ್ಮವ್ವನ ದನ ಅಲ್ಲ ಕಣವ್ವ," ಎಂದುಬಿಟ್ಟಳು.

ಅಕ್ಕನ ಮುಖ ಕಪ್ಪಿಟ್ಟಿತು. ಆ ಮಾತಿನ ಅರ್ಥ, ನಿಮ್ಮವ್ವ ತವರಿನ ದನ ಮಾರಿಕೊಂಡು ಬೇರೆ ತಂದು ಕಟ್ಟಿದಳು ಅಂತ. "ಚಿಕ್ಕವ್ವ, ಹೊಟ್ಟೆಗಿಲ್ದೆ ಇದ್ದಾಗ್ಲೂ ನಮ್ಮವ್ವ ಇದ್ನ ಮಾರ್ಲಿಲ್ಲ. ಸತ್ತೋಳ್ ಮೇಲೆ ಹಿಂಗಂದ್ಬುಟ್ಯಲ್ಲ," ಎಂದವಳೇ ಒಳಗೆ ಹೋದಳು.

ನನಗೆ ಅವ್ವನ ಮೇಲೆ ಕೋಪ ನೆತ್ತಿಗೇರಿತು. ಕೊಂಬು ನೋಡಿ ಕುಲ ಹೇಳುವುದು ನಮ್ಮ ಸೀಮೆಯವರೆಲ್ಲರ ಚಾಳಿ. ಕೊಂಬಿನಲ್ಲಿ, ಬಣ್ಣದಲ್ಲಿ ಹೋರಿಯ ಪಾಲೂ ಇರುತ್ತದೆ. ಆದರೆ ಎಷ್ಟು ಹೋರಿ ಬದಲಾದರೂ ತಾಯಿಯೆಳೆಗೆ ಏನೂ ಆಗುವುದಿಲ್ಲ. ಅಲ್ಲೇ ಆ ಹಸುವಿನ ಬಾಲದ ಕೂದಲನ್ನು ಬುಡಸಮೇತ ಕಿತ್ತುಕೊಂಡೆ, ಒದೆಯನ್ನೂ ತಿಂದೆ. ಊರಿಗೆ ಬಂದು ನಮ್ಮ ಹಸುವಿನದನ್ನೂ ಅಕ್ಕಪಕ್ಕದ ಮನೆಯ ಹಸುಗಳದನ್ನೂ ಸೇರಿಸಿ ಲ್ಯಾಬಿಗೆ ಒಯ್ದೆ.

ನಮ್ಮ ಹಸುವಿನ ಎಳೆಯಲ್ಲಿ ಒಂದು ಅಪರೂಪದ ವ್ಯತ್ಯಾಸವಿತ್ತು, ನಮ್ಮೂರಿನ ಬೇರೆ ಯಾವ ಹಸುವಿನಲ್ಲೂ ಕಾಣದ್ದು. ಅಕ್ಕನ ಹಸುವಿನಲ್ಲಿ ಅದೇ ಜಾಗದಲ್ಲಿ ಅದೇ ವ್ಯತ್ಯಾಸ ಕಂಡಾಗ ಮೈ ಜುಮ್ಮೆಂದಿತು. ಎಲ್ಲಿಯ ಅಜ್ಜಿ, ಎಲ್ಲಿಯ ಕನಕಪುರ! ಹಸಿದಿದ್ದರೂ ಮಾರದ ದೊಡ್ಡಮ್ಮ, ಬಸ್ಸು ತಪ್ಪಿದರೂ ಮೇವು ತಪ್ಪಿಸದ ಅಕ್ಕ, ಇವರಿಬ್ಬರು ಗಟ್ಟಿಯಾಗಿ ಹಗ್ಗ ಹಿಡಿದಿದ್ದಕ್ಕೆ ಅದು ಉಳಿದಿತ್ತು. ಎಂಥಾ ಹೆಂಗಸರಪ್ಪ ಅನ್ನಿಸಿತು.

ಅವ್ವನಿಗೆ ಹೇಳಿದೆ. "ನಡಿ, ಅವ್ಳತ್ರ ತಪ್ಪಾಯ್ತು ಅನ್ಬೇಕು," ಎಂದು ಎದ್ದಳು.

ಅಕ್ಕನ ಬಾಗಿಲಲ್ಲೇ ನಿಂತು, "ನಮ್ಮಕ್ಕ ಉಳ್ಸವ್ಳೆ ಕಣವ್ವ, ನನ್ ಬಾಯಿಗ್ ಬೆಂಕಿ ಬೀಳ," ಎಂದಳು. ಅಕ್ಕ ಅಳುತ್ತ ಕೈಹಿಡಿದು ಒಳಗೆ ಕರೆದುಕೊಂಡಳು. ಅವ್ವ ಕೊಟ್ಟಿಗೆಗೆ ಹೋಗಿ ಆ ಹೆಣ್ಣುಕರುವಿನ ಕೊರಳಡಿ ಜೋಲುವ ಗಂಗೆದೊಗಲು ಸವರುತ್ತ ನಿಂತಳು. ಕೊಡು ಅನ್ನಲಿಲ್ಲ. ಅನ್ನುವಂತಿರಲಿಲ್ಲ.

ಅಕ್ಕನಿಗೂ ಅದು ಗೊತ್ತಿತ್ತು. ಒಳಗಿಂದ ಮಣೆ ತಂದು ಹಾಕಿ, "ಕೂತ್ಕೊ ಚಿಕ್ಕವ್ವ," ಎಂದಳು. ಎಪ್ಪತ್ತು ದಾಟಿದ ಅವ್ವನ ಹಣೆಗೆ ಕುಂಕುಮವಿಟ್ಟು, ಮುಡಿಗೆ ಹೂ ಮುಡಿಸಿ, ಮದುವಣಗಿತ್ತಿಗೆ ಮಾಡುವ ಹಾಗೆ ಸೆರಗಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ ತುಂಬಿದಳು. "ಇವತ್ತು ನಾನೇ ನಿಮ್ಮವ್ವ, ನೀನೇ ನನ್ ಮಗ್ಳು," ಎಂದು ಕರುವಿನ ಹಗ್ಗವನ್ನು ಅವಳ ಕೈಗಿಟ್ಟಳು.

ಅವ್ವ ಮಡಿಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ತಾನು ಎತ್ತಿ ಆಡಿಸಿದ ಹುಡುಗಿಯ ಪಾದ ಮುಟ್ಟಿ, "ಬತ್ತೀನಿ ಕಣವ್ವ," ಎಂದಳು.