ಗಾಳಿ ಗುಮ್ಮಟಕ್ಕೆ ಮುಖ್ಯ ಅತಿಥಿಗಳು

ಶಹಾಪುರದ ಹತ್ತಿರದ ಸರಕಾರಿ ಪ್ರೌಢಶಾಲೆಯಲ್ಲಿ ನಾನು ಅತಿಥಿ ಶಿಕ್ಷಕಿಯಾಗಿದ್ದ ವರ್ಷ ನಮ್ಮಲ್ಲಿಗೆ ಆಕಾಶ ಬಂತು. ಟೆಂಪೊದಲ್ಲಿ, ಮಡಚಿದ ತಾಡಪತ್ರಿಯ ಹಾಗೆ. ಬ್ಲೋವರ್ ಹಚ್ಚಿದರೆ ಹತ್ತು ನಿಮಿಷದಲ್ಲಿ ಉಬ್ಬಿ ಎರಡಾಳೆತ್ತರದ ಗುಮ್ಮಟವಾಗುತ್ತದೆ. ಒಳಗಿನ ಕತ್ತಲಲ್ಲಿ ನಕ್ಷತ್ರ ತೋರಿಸುತ್ತಾರೆ. ಕಂಬ ಬೇಡ, ಗೋಡೆ ಬೇಡ. ಬರೀ ಗಾಳಿಯ ಮೇಲೆ ನಿಂತ ಎಷ್ಟೋ ಸಂಗತಿಗಳನ್ನು ನಮ್ಮ ಶಾಲೆ ಮೊದಲೇ ಕಂಡಿತ್ತು. ನೋಡಲು ಚೆಂದ ಇದ್ದದ್ದು ಇದೊಂದೇ.

ಈ ಸಂಚಾರಿ ತಾರಾಲಯ ಇರುವುದು ಒಂದೇ ದಿನ, ಮರುದಿನ ಸುರಪುರಕ್ಕೆ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬೆಳಿಗ್ಗೆಯೇ ಬಂದಳು.

"ಟೀಚರ್, ನನ್ನ ಮೊದಲನೇ ಪಾಳಿಯಾಗ ಕಳಸ್ರಿ. ಹನ್ನೆರಡಕ್ಕ ಅವ್ವ ಬರ್ತಾಳ, ಹತ್ತಿ ಬಿಡಸಾಕ ಹೋಗ್ಬೇಕು."

ಕಾಲುವೆ ಬಂದ ಮೇಲೆ ಹೊಲದಲ್ಲಿ ಹತ್ತಿ ಹೆಚ್ಚಿತು, ಹಾಜರಿ ಪುಸ್ತಕದಲ್ಲಿ ಹುಡುಗಿಯರು ಕಡಿಮೆಯಾದರು. ಕಳಿಸುತ್ತೇನೆಂದು ಮಾತು ಕೊಟ್ಟೆ.

ಆದರೆ ಉದ್ಘಾಟನೆಯಾಗದೆ ಮಕ್ಕಳು ನಕ್ಷತ್ರ ನೋಡುವಂತಿಲ್ಲ ಎಂದರು ಮುಖ್ಯೋಪಾಧ್ಯಾಯರು. ಹತ್ತಕ್ಕೆ ಬರಬೇಕಿದ್ದ ಮುಖ್ಯ ಅತಿಥಿಗಳು ಹನ್ನೊಂದಕ್ಕೆ ಬಂದರು, ಅಂದರೆ ಬೇಗನೆ ಬಂದರು.

ಗುಮ್ಮಟದ ಬಾಗಿಲು ಒಂದು ಜಿಪ್ಪು. ಒಬ್ಬೊಬ್ಬರೇ ಬಗ್ಗಿ ನುಸುಳಬೇಕು, ಕೂಡಲೇ ಮುಚ್ಚಬೇಕು. ಟೆಂಪೊದೊಂದಿಗೆ ಬಂದಿದ್ದ ಆಪರೇಟರ್ ಇದನ್ನು ಮೂರು ಸಲ ಹೇಳಿದ.

"ಸಾಹೇಬ್ರು ಬಗ್ಗಿ ಹೋಗ್ತಾರೇನು? ಮ್ಯಾಲೆತ್ತಿ ಹಿಡೀರಿ," ಎಂದರು ಮುಖ್ಯೋಪಾಧ್ಯಾಯರು.

ಇಬ್ಬರು ಮಾಸ್ತರರು ಬಾಗಿಲನ್ನು ಎತ್ತಿ ಹಿಡಿದರು. ಅತಿಥಿಗಳನ್ನು ಒಬ್ಬರನ್ನೇ ಕಳಿಸುವುದು ಅಗೌರವ. ಹಿಂದೆ ಶಾಲಾ ಸಮಿತಿಯವರೆಲ್ಲ, ಅವರ ಹಿಂದೆ ಹಾರದ ತಾಟು, ಫೋಟೊದವನು.

"ಗಾಳಿ ಹೊಂಟದ್ರಿ! ಬಾಗ್ಲ ಮುಚ್ರಿ!" ಆಪರೇಟರ್ ಕೂಗಿದ.

"ತಡಿಯೋ ಮಾರಾಯ, ಸಮಿತಿ ಅಧ್ಯಕ್ಷರು ಇನ್ನಾ ಹೊರಗ ಅದಾರ," ಎಂದರು ಬಾಗಿಲು ಹಿಡಿದಿದ್ದ ಮಾಸ್ತರರೊಬ್ಬರು.

ಆಕಾಶ ಸಾವಕಾಶವಾಗಿ ಇಳಿದು ಗಣ್ಯರ ತಲೆಯ ಮೇಲೆ ಕುಳಿತಿತು. ಬಗ್ಗಲಾಗದವರು ಮೊಣಕಾಲೂರಿ ತೆವಳಿ ಹೊರಬಂದರು. ಅತಿಥಿಗಳ ರುಮಾಲು ಎಲ್ಲರಿಗಿಂತ ಕೊನೆಗೆ ಬಂತು.

"ಉಬ್ಬೋತನಕ ಭಾಷಣ ಮುಗಸೋಣ್ರಿ. ಆಮ್ಯಾಲ ಸಾಹೇಬ್ರೇ ಮೊದಲು ನೋಡ್ಲಿ," ಎನ್ನುತ್ತ ಮುಖ್ಯೋಪಾಧ್ಯಾಯರು ಎಲ್ಲರನ್ನೂ ಸಭಾಂಗಣಕ್ಕೆ ಕರೆದೊಯ್ದರು. ಗಂಟೆ ಹನ್ನೊಂದೂವರೆ ದಾಟಿತ್ತು.

ನಿಯಮ ಮೀರುವುದು ನನ್ನ ಸ್ವಭಾವವಲ್ಲ. ಗುಮ್ಮಟ ಮತ್ತೆ ಎದ್ದಾಗ ಆಪರೇಟರನಿಗೆ ಮೆಲ್ಲಗೆ ಹೇಳಿದೆ, "ಹೊಲಕ್ಕ ಹೋಗೋ ಹುಡುಗ್ಯಾರನ್ನ ಒಳಗ ಬಿಡ್ರಿ."

"ಉದ್ಘಾಟನಿ ಆಗಿಲ್ಲಲ್ರಿ ಮೇಡಂ."

"ಸಾಹೇಬ್ರು ಹೋಗೋ ಮುಂದ ಒಮ್ಮೆ ಪರೀಕ್ಷಾ ಮಾಡ್ಬೇಕೋ ಬ್ಯಾಡೋ?"

ಅವನು ನಕ್ಕು ಜಿಪ್ಪು ಎಳೆದ. ಆ ಹುಡುಗಿ ಮೊದಲು, ಉಳಿದವರು ಹಿಂದೆ, ಒಬ್ಬೊಬ್ಬರಾಗಿ ನುಸುಳಿದರು. ಬಗ್ಗುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಪ್ರದರ್ಶನ ಇಪ್ಪತ್ತು ನಿಮಿಷದ್ದು. ಅತ್ತ ಮೈಕಿನಲ್ಲಿ ಅತಿಥಿಗಳು ಕಾಲುವೆಯ ಚರಿತ್ರೆಯನ್ನು ಅಣೆಕಟ್ಟಿನ ಅಡಿಗಲ್ಲಿನಿಂದ ಶುರು ಮಾಡಿದ್ದರು. ಭಾಷಣವೊಂದು ಮುಗಿಯದಿರಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಂಡೆ. ಅವರು ನಿರಾಸೆ ಮಾಡಲಿಲ್ಲ.

ಹುಡುಗಿ ಹೊರಬಂದಾಗ ತಾಯಿ ಗೇಟಿನ ಬಳಿ ನಿಂತಿದ್ದಳು.

"ಏನ್ ನೋಡ್ದಿ ಅಷ್ಟೊತ್ತು?"

"ನಡಿ ಬೇ, ಭಾಳ ಅದ. ಹೊಲದಾಗ ಹೇಳ್ತೀನಿ."