ತಂತಿ ಕಡಿಯದ ಭಾನುವಾರ

ವಾರವಿಡೀ ಅವನು ಹೊಲಿಗೆ ಮಿಷನ್ ರಿಪೇರಿ ಮಾಡುತ್ತಿದ್ದ, ಭಾನುವಾರ ಗಿಟಾರ್ ಬಾರಿಸುತ್ತಿದ್ದ. ರಿಪೇರಿಯಲ್ಲಿ ಅವನದು ಎತ್ತಿದ ಕೈ. ಆದರೆ ಒಳ್ಳೆಯ ಕೆಲಸಕ್ಕೆ ಯಾರೂ ಅಡ್ಡಹೆಸರು ಇಡುವುದಿಲ್ಲ, ಅದು ಬಂದದ್ದು ಗಿಟಾರಿನಿಂದ. ಹೋಟೆಲಿನ ಮಹಡಿಯ ಹಾಲ್‌ನಲ್ಲಿ ಮಧ್ಯಾಹ್ನದ ಊಟಕ್ಕೆ ಜನ ಸೇರಿ, ತಟ್ಟೆ ಲೋಟಗಳ ಸದ್ದು ಜೋರಾಗುವ ಹೊತ್ತಿಗೆ, ಅವನ ಎಲೆಕ್ಟ್ರಿಕ್ ಗಿಟಾರಿನ ಒಂದು ತಂತಿ ‘ಠಣ್’ ಎಂದು ಕಡಿಯುತ್ತಿತ್ತು. ಹಾಗಾಗಿ ಠಣ್ಣಣ್ಣ. ಎಲ್ಲೋ ಒಂದು ವಾರ ತಂತಿ ಕಡಿಯದಿದ್ದರೆ ಬಡಿಸುವವರೇ ಹತ್ತಿರ ಬಂದು, “ಏನ್ ಠಣ್ಣಣ್ಣ, ಇವತ್ತು ಮೈ ಹುಷಾರಿಲ್ವಾ?” ಎಂದು ಕೇಳುತ್ತಿದ್ದರು.

ಹಾಡುತ್ತಿದ್ದವಳು ಅವನ ಅಕ್ಕ. ಅವನಿಗಿಂತ ಬಹಳ ದೊಡ್ಡವಳು. ಅಮ್ಮ ಕೆಲಸಕ್ಕೆ ಹೋದಾಗ ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು. ಡ್ರಮ್ ಬಾರಿಸುತ್ತಿದ್ದವನು ಅವಳ ಗಂಡ. ಕೇಳಿದ್ದಕ್ಕೆ ಮಾತ್ರ, ಅದೂ ಮನಸ್ಸಿದ್ದರೆ ಉತ್ತರ ಕೊಡುವ ಭಾವ. ಇಷ್ಟೇ ಮೂವರ ವಾದ್ಯವೃಂದ.

ತಂತಿ ಕಡಿದ ಕೂಡಲೇ ಅಕ್ಕ ಹಾಡು ನಿಲ್ಲಿಸಿ, ಗೋಡೆಗೆ ಒರಗಿ, ಮಾತು ಶುರು ಮಾಡುತ್ತಿದ್ದಳು. “ನೋಡಿ, ಇವನು ಚಿಕ್ಕವನಿದ್ದಾಗ ಆಟದ ಸಾಮಾನು ಬಾಳಿಕೆ ಬರಲ್ಲ ಅಂತ ನಮ್ಮಪ್ಪ ಕಬ್ಬಿಣದ ಬಸ್ಸು ಮಾಡಿಸಿಕೊಟ್ರು. ಮಾಡಿಕೊಟ್ಟೋನೇ ಒಂದು ವಾರ ಬಿಟ್ಟು ಬಂದು, ಇದೇನು ಇದರ ಮೇಲೆ ನಿಜವಾದ ಬಸ್ಸು ಹತ್ತಿತ್ತಾ ಅಂತ ಕೇಳ್ದ!” ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕೆಲವರು ಆ ಮಾತಿಗೆಂದೇ ಬರುತ್ತಿದ್ದರು. ಅಷ್ಟರಲ್ಲಿ ಇವನು ಗಿಟಾರಿನ ಮೇಲೆ ಬಗ್ಗಿ ಹೊಸ ತಂತಿ ಪೋಣಿಸಿ, ಬಿಗಿದು, ಶ್ರುತಿ ಮಾಡಿಕೊಳ್ಳಬೇಕಿತ್ತು.

ತನ್ನ ಮಾನ ಕಾಪಾಡಲು ಅಕ್ಕ ಪಾಪ ಎಷ್ಟೆಲ್ಲ ಹೆಣಗುತ್ತಾಳೆ ಎಂದು ಅವನಿಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ತನ್ನದು ಒರಟು ಕೈ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ನಮ್ಮ ಬಗ್ಗೆ ಯಾರಾದರೂ ಬೈದು ಹೇಳಿದರೆ ಜಗಳಕ್ಕೆ ನಿಲ್ಲುತ್ತೇವೆ; ನಗುತ್ತಾ ಹೇಳಿದ್ದನ್ನು ಮಾತ್ರ ಹಾಗೇ ನಂಬಿಬಿಡುತ್ತೇವೆ. ವರ್ಷದಿಂದ ವರ್ಷಕ್ಕೆ ಅವನು ಮೆಲ್ಲಗೆ, ಇನ್ನೂ ಮೆಲ್ಲಗೆ ಬಾರಿಸುತ್ತಾ ಬಂದ. ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬಂದು ನುಡಿಯಬೇಕಾದ ಜಾಗ ಬಂದರೆ, ಭಾವನ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದ. ಭಾವ ಅಲ್ಲಿ ಡ್ರಮ್ ಬಾರಿಸಿ ದಾಟಿಸುತ್ತಿದ್ದ. ಮನೆಯಲ್ಲಿ ಯಾರೂ ಇಲ್ಲದಾಗ ಆ ಜಾಗಗಳನ್ನೆಲ್ಲ ಅವನು ಬಾರಿಸಿ ನೋಡಿದ್ದ, ಚೆನ್ನಾಗಿಯೇ ಬಾರಿಸುತ್ತಿದ್ದ. ಹೊರಗೆ ಮಾತ್ರ ಯಾರೂ ಕೇಳಿರಲಿಲ್ಲ.

ಹೆಂಡತಿ ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಕಡಿದ ತಂತಿಯ ತುಂಡನ್ನು ಅಂಗಿಯ ಜೇಬಿಗೆ ತುರುಕಿಕೊಂಡು ಬರುವುದು ಅವನ ಅಭ್ಯಾಸ, ಬಟ್ಟೆ ಒಗೆಯುವಾಗ ಬೆರಳಿಗೆ ಚುಚ್ಚಿಸಿಕೊಂಡು ಬೈಯುವುದು ಅವಳ ಅಭ್ಯಾಸ. ಒಂದು ದಿನ ಬೈಯಲಿಲ್ಲ. ಡಬ್ಬಿಯಲ್ಲಿ ಕೂಡಿಟ್ಟಿದ್ದ ತುಂಡುಗಳನ್ನು ತಂದು ಅವನ ಮುಂದೆ ಸಾಲಾಗಿ ಇಟ್ಟಳು. ಪ್ರತಿಯೊಂದರ ತುದಿಯಲ್ಲೂ ತಂತಿಯನ್ನು ಗಿಟಾರಿನ ಬುಡಕ್ಕೆ ಸಿಕ್ಕಿಸುವ ಪುಟ್ಟ ಹಿತ್ತಾಳೆಯ ಗುಂಡು.

“ರೀ, ಇವೆಲ್ಲ ಒಂದೇ ಅಳತೆಗೆ ಕಡಿದಿವೆಯಲ್ರೀ.”

“ಕಡೀತವೆ. ನನ್ ಕೈ ಹಂಗೆ.”

“ನಿಮ್ ಕೈ ಅಳತೆ ಪಟ್ಟಿ ಇಟ್ಕೊಂಡು ಕಡಿಯುತ್ತಾ? ನನ್ ಮಿಷನ್ನಲ್ಲಿ ದಾರ ಕಡಿದ್ರೆ ಮೊದಲು ಏನ್ ನೋಡ್ತೀರಿ?”

“ದಾರ ಹಾಯೋ ಜಾಗ ನೋಡ್ತೀನಿ. ಎಲ್ಲೋ ಒಂದು ಕಡೆ ಚೂಪು ಎದ್ದಿರುತ್ತೆ, ಅಲ್ಲಿ ಉಜ್ಜಿ ಉಜ್ಜಿ…” ಎಂದವನು ತಟ್ಟನೆ ಗಿಟಾರಿನ ಕಡೆ ತಿರುಗಿದ.

ಊರಿನ ಹೆಂಗಸರಿಗೆಲ್ಲ “ದಾರಾನ ಯಾಕಮ್ಮ ಬೈತೀರಿ, ಅದು ಏನು ಮಾಡೀತು” ಎಂದು ಪಾಠ ಹೇಳುತ್ತಿದ್ದ ಮನುಷ್ಯ ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದ. ಗಿಟಾರಿನ ಬುಡದಲ್ಲಿ ತಂತಿಗಳು ಹಾದುಹೋಗುವ ಕಡೆ, ಒಂದೊಂದು ತಂತಿಗೂ ಒಂದೊಂದು ಪುಟ್ಟ ಲೋಹದ ಆಸರೆ ಇರುತ್ತದೆ. ಅದಕ್ಕೆ ಸ್ಯಾಡಲ್ ಎನ್ನುತ್ತಾರೆ. ತಂತಿ ಬಾಗುವುದೂ ಅದರ ಬಿಗಿತವೆಲ್ಲ ಕೂರುವುದೂ ಅಲ್ಲೇ. ಮಿಷನ್ನಿಗೆ ಮಾಡುವಂತೆಯೇ ಚೂರು ಹತ್ತಿ ತೆಗೆದುಕೊಂಡು ಅವುಗಳ ಮೇಲೆ ಎಳೆದ. ಹತ್ತಿಯ ಎಳೆ ಒಂದೊಂದರಲ್ಲೂ ಸಿಕ್ಕಿಕೊಂಡಿತು. ತಂತಿ ತುಂಡುಗಳನ್ನು ಪಕ್ಕಕ್ಕೆ ಹಿಡಿದು ನೋಡಿದರೆ, ಕಡಿದದ್ದೂ ಸರಿಯಾಗಿ ಅಲ್ಲೇ. ಅವನು ಹಣೆ ಹಣೆ ಚಚ್ಚಿಕೊಂಡ. ಆಮೇಲೆ ನಗು ಬಂತು. ನಗು ನಿಂತ ಮೇಲೆ ಸಿಟ್ಟು ಬಂತು, ಅದು ಮೂರು ದಿನವಾದರೂ ಇಳಿಯಲಿಲ್ಲ.

ಉಜ್ಜಿ ನುಣುಪು ಮಾಡಬಹುದಿತ್ತು. ಆದರೆ ಹಳೆಯ ಲೋಹ ಸವೆದು ಗೀರು ಬಿದ್ದಿತ್ತು. ಇವತ್ತು ಉಜ್ಜಿದರೆ ನಾಳೆ ಮತ್ತೆ ಚೂಪು ಏಳುತ್ತದೆ. ವಾದ್ಯದಂಗಡಿಯಿಂದ ಹೊಸ ಸ್ಯಾಡಲ್ ತಂದ. ಕಪ್ಪು ಬಣ್ಣದವು, ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟ್ ಬೆರೆಸಿ ಮಾಡಿದಂಥವು. ತಂತಿ ಅವುಗಳ ಮೇಲೆ ಉಜ್ಜುವುದಿಲ್ಲ, ಜಾರುತ್ತದೆ. ಹಳೆಯವುಗಳ ಎತ್ತರ ಅಳೆದಿಟ್ಟುಕೊಂಡು, ಒಂದೊಂದನ್ನೇ ಬಿಚ್ಚಿ, ಹೊಸದನ್ನು ಕೂರಿಸಿ, ಸಣ್ಣ ತಿರುಪು ತಿರುಗಿಸಿ ಸರಿಹೊಂದಿಸಿದ. ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗಿನ ಸ್ವರವೂ ನಟ್ಟನಡುವೆ ಒತ್ತಿ ಮೀಟಿದಾಗಿನ ಸ್ವರವೂ ಒಂದಕ್ಕೊಂದು ಹೊಂದುವವರೆಗೆ ಸ್ಯಾಡಲ್ಲನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದ. ಆಮೇಲೆ ಎದ್ದು ನಿಂತು, ಬಹಳ ವರ್ಷಗಳಿಂದ ಬಾರಿಸದಷ್ಟು ಜೋರಾಗಿ, ಕೈ ಬಿಚ್ಚಿ ಬಾರಿಸಿದ. ಹೆಂಡತಿ ಮಿಷನ್ ನಿಲ್ಲಿಸಿದಳು. ತಂತಿ ಕಡಿಯಲಿಲ್ಲ. ಅವನ ಕಣ್ಣು ತುಂಬಿ ಬಂತು.

ಭಾನುವಾರ ಅಕ್ಕನಿಗೆ ಏನೂ ಹೇಳಲಿಲ್ಲ, ಅವಳಿಗೇ ಗೊತ್ತಾಗಲಿ ಎಂದುಕೊಂಡ. ಒಂದು ಹಾಡಾಯಿತು, ಇನ್ನೊಂದಾಯಿತು. ಅಕ್ಕ ತಿರುಗಿ ಅವನನ್ನು ನೋಡಿದಳು. ಅವನು ಹಲ್ಲು ಬಿಟ್ಟ. ಮತ್ತೊಂದು ಹಾಡು. ಅಕ್ಕ ಮತ್ತೆ ತಿರುಗಿದಳು. ಮೆಚ್ಚಿ ನೋಡುತ್ತಿದ್ದಾಳೆ ಎಂದುಕೊಂಡು ಅವನು ಇನ್ನಷ್ಟು ಹುಮ್ಮಸ್ಸಿನಿಂದ ಮುಂದಿನ ಹಾಡಿಗೆ ಕೈ ಹಾಕಿದ. ಆ ಹಾಡಿನ ಎತ್ತರದ ಸಾಲಿನಲ್ಲಿ ಅಕ್ಕನ ದನಿ ಅರ್ಧಕ್ಕೇ ನಿಂತುಹೋಯಿತು. ಅವಳು ಮೈಕಿನ ಕಂಬವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಭಾವ ಡ್ರಮ್ಮಿನ ಸದ್ದು ಏರಿಸಿ ಅದನ್ನು ಮುಚ್ಚಿದ. ಊಟದ ಗದ್ದಲದಲ್ಲಿ ಯಾರಿಗೂ ತಿಳಿಯಲಿಲ್ಲ. ಮುಗಿದ ಮೇಲೆ ಅಕ್ಕ ಅವನ ಜೊತೆ ಮಾತಾಡದೆ ಹಿಂದಿನ ಮೆಟ್ಟಿಲಿಳಿದು ಹೋದಳು.

ಡ್ರಮ್ ಬಿಚ್ಚುತ್ತಾ ಭಾವ ಕೇಳದೆಯೇ ಬಾಯಿ ಬಿಟ್ಟ. “ಅವಳಿಗೆ ಉಸಿರು ಸಾಲ್ತಿಲ್ಲಪ್ಪ. ವರ್ಷದ ಮೇಲಾಯ್ತು. ಡಾಕ್ಟ್ರು, ಹಾಡಿ, ಆದ್ರೆ ಸುಧಾರಿಸ್ಕೊಂಡು ಹಾಡಿ ಅಂದಿದ್ದಾರೆ. ನಿನ್ ತಂತಿ ಯಾವಾಗ ಕಡಿಯುತ್ತೆ ಅಂತ ಕಾಯ್ತಿರ್ತಾಳೆ. ಆಗ ತಾನೆ ಅವಳಿಗೊಂದು ಪುರುಸೊತ್ತು.”

“ನಂಗ್ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನನ್ನ ಮನೇಲಿ ಇಟ್ಕೋತಿದ್ಲಾ? ಇನ್ನು ಹಾಡಲ್ಲ ಅಂತ ಇವತ್ತು ಅವಳೇ ಅಂದ್ಳು.”

ಅಕ್ಕ ಹಾಡದ ಭಾನುವಾರವನ್ನು ಅವನು ಕಂಡೇ ಇರಲಿಲ್ಲ. ಸಂಜೆಯಾಗುವ ಮೊದಲೇ ಅವಳ ಮನೆ ಬಾಗಿಲಲ್ಲಿದ್ದ. ಅಕ್ಕ ಕಿಟಕಿಯ ಹತ್ತಿರ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು.

“ಗಿಟಾರಿಗೆ ಹೊಸ ಸ್ಯಾಡಲ್ ಹಾಕಿದ್ದೆ, ಅದಕ್ಕೇ ತಂತಿ ಕಡೀಲಿಲ್ಲ. ಹಳೇದನ್ನೇ ಹಾಕ್ತೀನಕ್ಕ. ಇವತ್ತೇ ಬಿಚ್ಚಿ ಹಾಕ್ತೀನಿ.”

“ಹಾಕಿ ನೋಡು, ಕಾಲು ಮುರೀತೀನಿ. ನಂಗೋಸ್ಕರ ನೀನು ಅಷ್ಟು ಜನರ ಮುಂದೆ ತಲೆ ತಗ್ಗಿಸ್ಬೇಕಾ?”

“ಇಷ್ಟು ವರ್ಷ ತಗ್ಸಿಲ್ವಾ?”

ಆಡಬೇಕೆಂದು ಆಡಿದ ಮಾತಲ್ಲ, ಬಾಯಿಂದ ಬಿದ್ದುಹೋಯಿತು. ಅವನು ನಾಲಿಗೆ ಕಚ್ಚಿಕೊಂಡ. ಅಕ್ಕ ಮಡಚುತ್ತಿದ್ದ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಅವನನ್ನೇ ನೋಡಿದಳು.

“ನೀನೂ ನಗ್ತಿದ್ದೆ ಅಂದ್ಕೊಂಡಿದ್ದೆ ಕಣೋ.”

“ಬಗ್ಗಿ ತಂತಿ ಹಾಕ್ತಿದ್ದೆನಲ್ಲ ಅಕ್ಕ. ನನ್ ಮುಖ ನಿಂಗೆ ಕಾಣ್ತಿರ್ಲಿಲ್ಲ.”

ಅಕ್ಕ ಅಂಗಿಯನ್ನು ಬಿಡಿಸಿ ಮತ್ತೆ ಮೊದಲಿನಿಂದ ಮಡಚತೊಡಗಿದಳು. ಒಬ್ಬರಿಗಾಗಿ ಒಬ್ಬರು ಇಷ್ಟೆಲ್ಲ ಮಾಡುತ್ತಾ, ಒಬ್ಬರನ್ನೊಬ್ಬರು ಒಂದು ಮಾತೂ ಕೇಳದೆ ಎಷ್ಟು ವರ್ಷ ಕಳೆದುಬಿಟ್ಟೆವಲ್ಲ ಎಂದು ಅವನಿಗೆ ದುಃಖವಾಯಿತು. ಕೊನೆಗೆ ಅವನೇ ಹೇಳಿದ. “ಹಾಡಿನ ಮಧ್ಯೆ ನಾನು ಒಬ್ನೇ ಬಾರಿಸ್ತೀನಿ. ಭಾವ ದಾಟಿಸ್ತಾರಲ್ಲ, ಆ ಜಾಗ. ನೀನು ಕುರ್ಚಿ ಹಾಕ್ಕೊಂಡು ಕೂತ್ಕೋ.”

“ಜನರ ಎದುರಿಗಾ? ಮುದುಕಿ ಥರ?”

“ಜನ ನಿನ್ ಕಡೆ ನೋಡದ ಹಾಗೆ ಬಾರಿಸ್ತೀನಿ.”

ಅಕ್ಕ ಕಣ್ಣರಳಿಸಿದಳು. ತಮ್ಮನ ಬಾಯಿಂದ ಇಂಥ ಜಂಬದ ಮಾತನ್ನು ಅವಳು ಕೇಳಿದ್ದು ಅದೇ ಮೊದಲು. “ನೋಡೋಣ, ಎಷ್ಟು ಬಾರಿಸ್ತೀಯೋ” ಎಂದಳು. ಬರುತ್ತೇನೆ ಎಂದು ಬಾಯಿಬಿಟ್ಟು ಹೇಳಲಿಲ್ಲ.

ಮುಂದಿನ ಭಾನುವಾರ ಬಂದಳು. ಎರಡನೆಯ ಹಾಡಿನಲ್ಲಿ ಆ ಜಾಗ ಬಂದಾಗ ಅವನು ಒಂದು ಹೆಜ್ಜೆ ಮುಂದೆ ಬಂದ. ಮೊದಲ ಸ್ವರವೇ ತಪ್ಪಿತು. ಬೆರಳು ಮರದ ಹಾಗೆ ಬಿಗಿದುಕೊಂಡಿತ್ತು. ತಂತಿ ಈಗ ಕಡಿಯಿತು, ಇನ್ನೇನು ಕಡಿಯಿತು ಎಂದು ಕೈ ತನ್ನಷ್ಟಕ್ಕೆ ಹಿಂದೆ ಸರಿಯುತ್ತಿತ್ತು. ಗಿಟಾರಿನ ಚೂಪು ಒಂದು ಮಧ್ಯಾಹ್ನದಲ್ಲಿ ಹೋಗಿತ್ತು, ಕೈಯೊಳಗೆ ಕೂತ ಹೆದರಿಕೆಗೆ ಅಂಗಡಿಯಲ್ಲಿ ಯಾವ ಸಾಮಾನೂ ಸಿಗುವುದಿಲ್ಲ. ಹಿಂದೆ ಕುರ್ಚಿ ಎಳೆದ ಸದ್ದಾಯಿತು. ಅಕ್ಕ ಕೂತಳು ಎಂದು ತಿಳಿದದ್ದೇ, ಅವಳ ಉಸಿರು ಮರಳುವವರೆಗೆ ನಿಲ್ಲಿಸಬಾರದು ಎಂಬುದೊಂದೇ ಅವನ ತಲೆಯಲ್ಲಿ ಉಳಿಯಿತು. ಕೈ ಸಡಿಲವಾಯಿತು. ಮನೆಯಲ್ಲಿ ಒಬ್ಬನೇ ಬಾರಿಸುತ್ತಿದ್ದುದೆಲ್ಲ ಒಂದರ ಹಿಂದೊಂದು ಹೊರಗೆ ಬಂತು. ಊಟ ಮಾಡುತ್ತಿದ್ದವರು ಚಮಚ ಕೆಳಗಿಟ್ಟು ನೋಡಿದರು.

ಒಂದು ಸುತ್ತು ಮುಗಿಸಿ, ಅಕ್ಕ ಹಾಡು ಎತ್ತಿಕೊಳ್ಳುವ ಸಾಲಿಗೆ ತಂದು ನಿಲ್ಲಿಸಿದ. ಅವಳು ಏಳಲಿಲ್ಲ. ಭಾವ ತಾಳ ಬಿಡದೆ ಬಾರಿಸುತ್ತಲೇ ಇದ್ದ. ಇನ್ನೊಂದು ಸುತ್ತು ಬಾರಿಸಿ ಮತ್ತೆ ಅದೇ ಸಾಲಿಗೆ ತಂದ. ಆಗಲೂ ಏಳಲಿಲ್ಲ. ಗಾಬರಿಯಾಗಿ, ಬಾರಿಸುತ್ತಲೇ ಕುರ್ಚಿಯ ಹತ್ತಿರ ಹೋಗಿ ಬಗ್ಗಿದ.

“ಅಕ್ಕಾ, ಇನ್ನೂ ಉಸಿರು ಬರ್ಲಿಲ್ವಾ?”

“ಅದು ಆಗ್ಲೇ ಬಂತು ಕಣೋ,” ಎಂದಳು ಅಕ್ಕ. “ಸುಮ್ನೆ ಬಾರಿಸು. ನಾನು ಕೇಳ್ತಾ ಕೂತಿದ್ದೀನಿ.”