ಎಡದ ಪಟ್ಟಿ, ಬಲದ ಪಟ್ಟಿ

ಅವನು ಮೊಂಡ, ದುರಹಂಕಾರಿ ಎಂದರೂ ಸರಿಯೇ. 'ನನ್ನಿಂದ ತಪ್ಪಾಯಿತು' ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಕೇಳಿದವರಿಲ್ಲ. ಮದುವೆ ಮುರಿದದ್ದು ಹೆಂಡತಿಯ ತಪ್ಪು, ಹಲ್ಲು ಉದುರಿದ್ದು ಡಾಕ್ಟರ ತಪ್ಪು. ಅವನ ಗ್ಯಾರೇಜಿಗೆ ಗಾಡಿ ರಿಪೇರಿಗೆ ಬರುವವರು ಬೆನ್ನ ಹಿಂದೆ ಅವನನ್ನು 'ಜಡ್ಜ್ ಸಾಹೇಬ' ಎನ್ನುತ್ತಿದ್ದರು. ಅವನ ತೀರ್ಪಿನ ಮೇಲೆ ಮೇಲ್ಮನವಿ ಇರಲಿಲ್ಲ, ಒಡಹುಟ್ಟಿದ ತಂಗಿಗೂ.

ತಂಗಿ ಜೀಪು ಓಡಿಸಿ ಬದುಕುವವಳು. ಬೆಟ್ಟದ ನೆತ್ತಿಯ ಹವಾಮಾನ ಕೇಂದ್ರಕ್ಕೆ ಕೆಲಸದವರನ್ನು ಹತ್ತಿಸಿ ಇಳಿಸುವ ಪರ್ಮಿಟ್ ಅವಳದು. ವರ್ಷಕ್ಕೊಮ್ಮೆ ಗಾಡಿ ತಪಾಸಣೆಯಲ್ಲಿ ಪಾಸಾಗಬೇಕು. ಆಗದಿದ್ದರೆ ಆ ಓಡಾಟ ಇನ್ನೊಬ್ಬರ ಪಾಲು. ತಪಾಸಣೆ ಹತ್ತಿರ ಬಂದಾಗಲೇ, ಚಕ್ರದ ಮೇಲೆ ಗಾಡಿಯ ಭಾರ ಹೊರುವ ಮುಂದಿನ ಕಮಾನು ಪಟ್ಟಿ ಮುರಿಯಿತು. ಒಂದು ಮುರಿದರೆ ಎರಡೂ ಬದಿಯದನ್ನು ಬದಲಿಸಬೇಕು. ಆ ಮಾದರಿಯ ಪಟ್ಟಿ ಈಗ ಯಾವ ಅಂಗಡಿಯಲ್ಲೂ ಸಿಗದು.

ಗುಜರಿ ಅಂಗಳದಲ್ಲಿ ಹೊರದೇಶದಿಂದ ಬಂದ ಹಳೆಯ ಜೀಪುಗಳು ಬಿದ್ದಿದ್ದವು. ಅದೇ ಕಂಪನಿ, ಅದೇ ಮೈಕಟ್ಟು. ಸ್ಟೀರಿಂಗ್ ಮಾತ್ರ ಆಚೆ ಬದಿಗೆ. ಅಣ್ಣ ಟೇಪು ಹಿಡಿದು ಮಂಡಿಯೂರಿದ. ಪಟ್ಟಿಗಳ ಅಗಲ, ದಪ್ಪ, ಉದ್ದ ಎಲ್ಲ ತಾಳೆಯಾದವು. ತುದಿಯ ತೂತು ಮಾತ್ರ ಕೂದಲೆಳೆಯಷ್ಟು ಹೆಚ್ಚು ದೊಡ್ಡದಿತ್ತು.

"ತೂತಿಗೆ ಕೂರೋ ಬುಷ್ ಲೇತಲ್ಲಿ ಮಾಡಿಸ್ತೀನಿ. ಉಳಿದಿದ್ದೆಲ್ಲ ಅವಳಿ ಜವಳಿ."

"ಅಣ್ಣ, ಒಂದು ಪಟ್ಟಿ ಸ್ವಲ್ಪ ಜಾಸ್ತಿ ಬಾಗಿದಂಗಿಲ್ವಾ?"

"ನಿನ್ನ ಕಣ್ಣು ಬಾಗಿದೆ. ಎಡದ್ದು ಎಡಕ್ಕೆ, ಬಲದ್ದು ಬಲಕ್ಕೆ. ಓಡ್ಸೋದು ನಿನ್ನ ಕೆಲ್ಸ, ಬಿಚ್ಚೋದು ನಂದು."

ಹಾಗೆಯೇ ಕೂರಿಸಿದ. ಜ್ಯಾಕ್ ಇಳಿಸಿದ ಕೂಡಲೇ ಗಾಡಿ ಡ್ರೈವರ್ ಬದಿಗೆ ವಾಲಿತು.

"ನಾನು ಕೂರೋ ಕಡೆಗೇ ವಾಲ್ತಿದೆ ನೋಡು."

"ನೀನು ಹತ್ತಿದ್ರೆ ಯಾವ ಗಾಡಿ ವಾಲಲ್ಲ? ಊಟ ಕಡಿಮೆ ಮಾಡು."

"ನಾನು ಇಲ್ಲಿ ನಿಂತಿದೀನಪ್ಪಾ, ನೆಲದ ಮೇಲೆ!"

"ಹಾಗಾದ್ರೆ ನೆಲ ಓರೆ."

ಗಾಡಿಯನ್ನು ಸಿಮೆಂಟು ನೆಲಕ್ಕೆ ತಳ್ಳಿದರು. ಅಲ್ಲೂ ವಾಲಿತು.

"ಹೊಸದಾಗಿ ಕೂತಿದ್ದು. ಓಡ್ತಾ ಓಡ್ತಾ ಸರಿಹೋಗುತ್ತೆ."

"ಅದು ಸರಿಹೋಗೋಷ್ಟರಲ್ಲಿ ನನ್ನ ಪರ್ಮಿಟ್ಟೇ ಹೋಗಿರುತ್ತೆ."

ಅವನು ಸ್ಪ್ಯಾನರ್ ಎಸೆದು ಕೈತೊಳೆಯಲು ಹೋದ. ತಂಗಿ ಸಿಟ್ಟಿನಿಂದ ನಡೆದೇ ಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಜಗಳಕ್ಕೆ ಸಿದ್ಧಳಾಗಿಯೇ ಬಂದಳು. ಗಾಡಿ ಜ್ಯಾಕಿನ ಮೇಲಿತ್ತು. ಅಣ್ಣ ಅಡಿಯಲ್ಲಿ ಮಲಗಿ ಎಡದ ಪಟ್ಟಿಯನ್ನು ಬಲಕ್ಕೆ ಕೂರಿಸುತ್ತಿದ್ದ. ಅವಳಿಗೆ ಆಗ ಹೊಳೆಯಿತು. ಡ್ರೈವರಿನ ಭಾರವೂ ಪೆಟ್ರೋಲ್ ಟ್ಯಾಂಕಿನ ಭಾರವೂ ಒಂದೇ ಬದಿಗೆ ಬೀಳುವುದರಿಂದ, ಗಾಡಿ ಮಾಡಿದವರು ಆ ಬದಿಯ ಪಟ್ಟಿಗೆ ಬಾಗು ಹೆಚ್ಚು ಕೊಟ್ಟಿದ್ದರು. ಗುಜರಿಯ ಆ ಜೀಪಿನಲ್ಲಿ ಡ್ರೈವರ್ ಕೂರುತ್ತಿದ್ದುದು ಆಚೆ ಬದಿಗೆ, ಎಡಕ್ಕೆ.

"ಬುಷ್ ಬಿಗಿ ಇತ್ತು, ಬೇರೆ ಹಾಕ್ತಿದೀನಿ," ಎಂದ, ಅವಳು ಕೇಳದಿದ್ದರೂ.

ಬುಷ್ಷುಗಳು ನಿನ್ನೆಯವೇ ಆಗಿದ್ದವು. ಅವಳು ಸ್ಪ್ಯಾನರ್ ಎತ್ತಿಕೊಟ್ಟಳು. ಗಾಡಿ ಸಮನಾಗಿ ನಿಂತಿತು.

ತಪಾಸಣೆಯ ಅಧಿಕಾರಿ ಒಂದು ಸುತ್ತು ಬಂದು, ಬಗ್ಗಿ ನೋಡಿ, ಪಾಸು ಮಾಡಿದರು. ಹಿಂದೆಯೇ ಅದೇ ಮಾದರಿಯ ಇನ್ನೊಂದು ಜೀಪು ನಿಂತಿತ್ತು, ಒಂದು ಭುಜ ಇಳಿಬಿಟ್ಟುಕೊಂಡು.

"ಓವರ್‌ಲೋಡ್ ಹೊಡೆದು ಪಟ್ಟಿ ಜಗ್ಗಿಸಿದೀಯ. ಆಚೆ ತೆಗಿ," ಎಂದು ಅಧಿಕಾರಿ ಗದರಿದರು.

"ಇಲ್ಲ ಸಾರ್, ಗುಜರಿಯಿಂದ ತಂದು ಮೊನ್ನೆ ತಾನೇ ಹಾಕ್ಸಿದ್ದು. ಲೋಡೇ ಹಾಕಿಲ್ಲ," ಎಂದ ಅದರ ಡ್ರೈವರ್. ಅವನ ಧ್ವನಿ ಆಗಲೇ ಸೋತಿತ್ತು.

ತಂಗಿ ಎಂಜಿನ್ ಚಾಲೂ ಮಾಡಿ ಹೊರಡಲು ಕಾಯುತ್ತಿದ್ದಳು. ಪಕ್ಕದಲ್ಲಿದ್ದ ಅಣ್ಣ ಬಾಗಿಲು ತೆರೆದು ಇಳಿದ. ನೇರ ಆ ಜೀಪಿನ ಬಳಿ ಹೋಗಿ ಚಕ್ರದ ಹಿಂದೆ ಬಗ್ಗಿದ.

"ಸಾರ್, ಇವನು ಲೋಡ್ ಹಾಕಿಲ್ಲ. ಎಡದ ಪಟ್ಟಿ ಬಲಕ್ಕೆ ಬರಬೇಕು, ಅಷ್ಟೇ. ನಾನೂ ಇದೇ ತಪ್ಪು ಮಾಡಿದ್ದೆ, ಆ ಗಾಡಿಗೆ." ಕೈ ತಂಗಿಯ ಜೀಪಿನತ್ತ ಚಾಚಿತ್ತು. "ಸಂಜೆವರೆಗೆ ಟೈಮ್ ಕೊಡಿ. ಇಲ್ಲೇ ಬಿಚ್ಚಿ ಹಾಕ್ತೀನಿ."

ವಾಪಸು ಬಂದು ಅವಳ ಗಾಡಿಯ ಹಿಂದಿನಿಂದ ಜ್ಯಾಕು ಎಳೆದುಕೊಂಡ. ಅವಳ ಮುಖ ನೋಡಲಿಲ್ಲ.

"ಪೆಟ್ರೋಲ್ ಏನು ಪುಗಸಟ್ಟೆ ಬರುತ್ತಾ? ಎಂಜಿನ್ ಆಫ್ ಮಾಡು, ಇಲ್ಲ ಹೋಗು."

ಅವಳು ಎಂಜಿನ್ ಆಫ್ ಮಾಡಿದಳು.